ಮಳೆಗಾಲ, ಕ್ಯಾಸೆಟ್, ಡೀಪ್ ಪರ್ಪಲ್

ಮಧ್ಯಾಹ್ನದಿಂದ ‘ಸ್ಮೋಕ್ ಆನ್ ದ ವಾಟರ್’ ಹಾಕಿಕೊಂಡು ಕೂತಿದ್ದೇನೆ. 1971ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೋದಲ್ಲಿ ಅಮೆರಿಕದ ಸಂಗೀತಗಾರ ಫ್ರಾಂಕ್ ಜಪ್ಪಾ ಕಾರ್ಯಕ್ರಮದ ಮಧ್ಯೆ ಕ್ಯಾಸಿನೋಗೆ ಬೆಂಕಿ ಬಿತ್ತಲ್ಲ, ಆಲ್ಬಮ್ ರೆಕಾರ್ಡ್ ಮಾಡಲು ಅಲ್ಲಿಗೆ ಬಂದಿದ್ದ ರಾಕ್ ತಂಡ ಡೀಪ್ ಪರ್ಪಲ್‌ನವರು ಸರೋವರದ ಮೇಲೆ ಹರಡಿದ ಹೊಗೆ ನೋಡಿ ಮಾಡಿದ ಹಾಡು ಇದು. ಎಲ್ಲರೂ ಗಿಟಾರ್ ಬಗ್ಗೆಯೇ ಹೇಳುತ್ತಾರೆ. ನನಗೆ ಆ ತಂಡದ ಜಾನ್ ಲಾರ್ಡ್ ನುಡಿಸಿದ ಆರ್ಗನ್ ಜಾಸ್ತಿ ಇಷ್ಟ. ಅದನ್ನು ಗಿಟಾರಿನ ಸದ್ದು ಜೋರು ಮಾಡುವ ಮಾರ್ಷಲ್ ಆಂಪ್‌ಗೆ ಹಾಕಿ ನುಡಿಸುತ್ತಿದ್ದರು, ಅದಕ್ಕೇ ಆ ಗುಡುಗು.

ಮಡಿಕೇರಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದಾಗ ಇಂಥ ಹಾಡು ಕೇಳಿಕೊಂಡು ಬರುತ್ತಿದ್ದವರು ಹೆಚ್ಚಾಗಿ ರಜೆಗೆ ಬಂದ ಮಿಲಿಟರಿಯವರು. ಮಳೆಗಾಲ ಬಂದರೆ ಟೇಪಿಗೆ ಬಿಳಿ ಬೂಸ್ಟು. ಸ್ಕ್ರೂ ಬಿಚ್ಚಿ, ಹತ್ತಿಯಲ್ಲಿ ಒರೆಸಿ, ರೀಲನ್ನು ಬೇರೆ ಕ್ಯಾಸೆಟ್ಟಿಗೆ ಸುತ್ತಿ ಕೊಡುತ್ತಿದ್ದೆ. ದುಡ್ಡು ಬರುತ್ತಿದ್ದದ್ದು ಸಿನಿಮಾ ಹಾಡು, ಭಕ್ತಿಗೀತೆಯಿಂದ. ರಾಕ್ ಮಾತ್ರ ನನ್ನ ಖುಷಿಗೆ.

ಲೆಡ್ ಜೆಪ್ಪೆಲಿನ್‌ನ ‘ಕಾಶ್ಮೀರ್’ ಹಾಕಿದರೆ ಸಾಕು, ಅಂಗಡಿ ಮುಂದೆ ನಿಂತವರು ಕಾಲು ಕುಟ್ಟುತ್ತಿದ್ದರು. ಡ್ರಮ್ಸ್ 4ರ ಲೆಕ್ಕ, ಗಿಟಾರ್ 3ರ ಲೆಕ್ಕ. ಮದುವೆ ಮನೆಯ ವಾಲಗಕ್ಕೆ ಕುಣಿದು ಬೆಳೆದವರಿಗೆ ತಾಳ ಹಿಡಿಯೋದನ್ನ ಹೇಳಿಕೊಡಬೇಕಾ, ಅಲ್ವಾ? ಜೆಪ್ಪೆಲಿನ್ ತಂಡದ ಜಾನ್ ಬಾನಮ್ ಥರ ಡ್ರಮ್ಸ್ ಬಾರಿಸುವವರು ಮತ್ತೆ ಬರಲಿಲ್ಲ ಅಂತ ನಾನು ಈಗಲೂ ಹೇಳುತ್ತೇನೆ.

ನಿಮಗೆ ಇಷ್ಟದ ರಾಕ್ ಹಾಡು ಯಾವುದು, ಬರೀರಿ. ರಾತ್ರಿ ಕೂತು ಎಲ್ಲಾ ಕೇಳ್ತೀನಿ.