ಫ್ರೈಬರ್ಗ್ ಗಣಿಯಲ್ಲಿ ಪದಗಳ ಬೆನ್ನುಹತ್ತಿ

ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಫ್ರೈಬರ್ಗ್‌ಗೆ ನಾನು ಹೋದದ್ದು ಪದಗಳ ಸಲುವಾಗಿ. ಭೂವಿಜ್ಞಾನದ ಬರಹಗಳನ್ನು ಕನ್ನಡಕ್ಕೆ ತರುವ ಕೆಲಸದಲ್ಲಿ ‘ಹ್ಯಾಂಗಿಂಗ್ ವಾಲ್’ ಎಂಬ ಮಾತು ವರ್ಷಗಳಿಂದ ನನ್ನನ್ನು ಕಾಡುತ್ತಿತ್ತು. ‘ತೂಗುಗೋಡೆ’ ಎಂದು ಬರೆದಾಗಲೆಲ್ಲ ಕಣ್ಣಿಗೆ ಏನೂ ಕಟ್ಟುತ್ತಿರಲಿಲ್ಲ.

ಇಲ್ಲಿ ಬೆಳ್ಳಿ ಸಿಕ್ಕಿದ್ದು 1168ರಲ್ಲಿ. ಗಣಿವಿದ್ಯೆ ಕಲಿಸಲೆಂದೇ 1765ರಲ್ಲಿ ಅಕಾಡೆಮಿ ಹುಟ್ಟಿತು. ಅದು ಈಗ ವಿಶ್ವವಿದ್ಯಾಲಯ. ‘ರೈಖೆ ಜೆಖೆ’ ಎಂಬ ಹಳೆಯ ಗಣಿಯನ್ನು ಅದು ಪಾಠ, ಸಂಶೋಧನೆಗಳಿಗೆ ಇಟ್ಟುಕೊಂಡಿದೆ. ಪ್ರವಾಸಿಗರೂ ಇಳಿಯಬಹುದು.

ಹೆಲ್ಮೆಟ್, ದೀಪ, ಬೂಟು ಕೊಟ್ಟು ಮಾರ್ಗದರ್ಶಕರು ‘ಗ್ಲುಕ್ ಔಫ್’ ಎಂದರು. ಗಣಿಗಾರರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಶುಭಾಶಯ ಅದು. ಕೇಜ್ ಎಂಬ ಗಣಿಯ ಲಿಫ್ಟ್ ನಮ್ಮನ್ನು 150 ಮೀಟರ್ ಆಳಕ್ಕೆ ಇಳಿಸಿತು. ತಣ್ಣನೆಯ ಸುರಂಗದಲ್ಲಿ ನಡೆಯುತ್ತ ಒಂದು ಕಡೆ ಅವರು ನಿಂತು ದೀಪ ಎತ್ತಿದರು. ಬಂಡೆಯೊಳಗೆ ಅದಿರಿನ ಪಟ್ಟಿ ಓರೆಯಾಗಿ ಸಾಗಿತ್ತು. ಅದಿರನ್ನು ತೆಗೆದ ಜಾಗದಲ್ಲಿ ಅಷ್ಟೇ ಓರೆಯಾದ ಸಂದು ಉಳಿದಿತ್ತು. ಅದರೊಳಗೆ ತಲೆ ತಗ್ಗಿಸಿ ನಿಂತೆ. ಮೇಲಿನ ಬಂಡೆ ಹೆಲ್ಮೆಟ್‌ಗೆ ತಾಗಿತು, ಕೆಳಗಿನದು ಬೂಟಿಗೆ. ತಲೆಯ ಮೇಲೆ ಬಾಗಿ ನಿಂತದ್ದೇ ಹ್ಯಾಂಗಿಂಗ್ ವಾಲ್, ಕಾಲೂರಿದ್ದು ಫುಟ್‌ವಾಲ್. ಜರ್ಮನರಿಗೆ ಒಂದು ‘ತೂಗುವುದು’, ಇನ್ನೊಂದು ‘ಮಲಗಿರುವುದು’. ಗೋಡೆಯೇ ತೂಗಾಡುತ್ತದೆಂದು ನಾನು ತಿಳಿದಿದ್ದೆ. ಪದ ಹೇಳುತ್ತಿದ್ದದ್ದು ಬಂಡೆಯ ಕೆಳಗೆ ನಿಂತವನ ಸ್ಥಿತಿಯನ್ನು. ತಲೆಗೋಡೆ, ಕಾಲ್ಗೋಡೆ ಎಂದು ಅಲ್ಲೇ ಪುಸ್ತಕದಲ್ಲಿ ಗೀಚಿಕೊಂಡೆ.

ಮುಂದೆ ಅವರು ನನ್ನ ಎರಡು ಕೈಗಳಿಗೂ ಒಂದೊಂದು ಕಲ್ಲು ಕೊಟ್ಟರು. ಎರಡೂ ಕಪ್ಪು, ಎರಡೂ ಮಿನುಗುವಂಥವು. ದೀಪದ ಬೆಳಕಿನಲ್ಲಿ ಕಣ್ಣಿಗೆ ವ್ಯತ್ಯಾಸ ತಿಳಿಯಲಿಲ್ಲ, ಆದರೆ ಬಲಗೈ ಜಗ್ಗಿತು. ಅದು ಸೀಸದ ಅದಿರು ಗೆಲೀನಾ. ಇಲ್ಲಿನ ಬೆಳ್ಳಿಯ ಒಂದಷ್ಟು ಪಾಲು ಇದರೊಳಗೇ ಅಡಗಿತ್ತು. ಎಡಗೈಯಲ್ಲಿದ್ದುದು ಸತುವಿನ ಅದಿರು. ಗೆಲೀನಾದಂತೆ ಕಂಡರೂ ಕುಲುಮೆಯಲ್ಲಿ ಸೀಸ ಕೊಡದ ಅದನ್ನು ಹಿಂದಿನವರು ‘ಬ್ಲೆಂಡ್’ ಎಂದರು, ಕಣ್ಣಿಗೆ ಮಂಕುಬೂದಿ ಎರಚುವಂಥದ್ದು. ವಿಜ್ಞಾನ ಅದಕ್ಕಿಟ್ಟ ‘ಸ್ಫಾಲರೈಟ್’ ಎಂಬ ಹೆಸರಿನ ಗ್ರೀಕ್ ಮೂಲದಲ್ಲೂ ಮೋಸದ ಅರ್ಥವೇ ಇದೆ. ಬಣ್ಣ, ಹೊಳಪು, ತೂಕ, ತಣ್ಣನೆಯ ಸ್ಪರ್ಶ, ವಾಸನೆ, ರುಚಿಗಳಿಂದಲೂ ಖನಿಜಗಳನ್ನು ಗುರುತಿಸಬಹುದೆಂದು 1774ರಲ್ಲಿ ಕ್ರಮವಾಗಿ ಬರೆದಿಟ್ಟ ಅಬ್ರಹಾಂ ವೆರ್ನರ್ ಈ ಊರಿನ ಅಕಾಡೆಮಿಯಲ್ಲೇ ಪಾಠ ಹೇಳಿದವರು. ಅವರ ನಂತರ ಆ ಸ್ಥಾನಕ್ಕೆ ಬಂದವರು ಖನಿಜಗಳ ಗಡಸುತನ ಅಳೆಯುವ ಮಾಪಕವನ್ನು ರೂಪಿಸಿದ ಫ್ರೀಡ್ರಿಖ್ ಮೋಸ್.

ಕೋಬಾಲ್ಟ್ ಎಂಬ ಲೋಹದ ಹೆಸರು ಇಲ್ಲಿನ ಗಣಿಗಾರರು ನಂಬಿದ್ದ ‘ಕೋಬೋಲ್ಡ್’ ಭೂತದ್ದು. ತಾಮ್ರದಂತೆ ಕೆಂಪಗಿದ್ದೂ ತಾಮ್ರ ಕೊಡದ ಅದಿರಿಗೆ ‘ಕುಪ್ಫರ್‌ನಿಕೆಲ್’, ಅಂದರೆ ತಾಮ್ರದ ಪಿಶಾಚಿ ಎಂದರು. 1751ರಲ್ಲಿ ಸ್ವೀಡನ್ನಿನ ವಿಜ್ಞಾನಿ ಕ್ರೋನ್‌ಸ್ಟೆಟ್ ಅದರಲ್ಲಿ ಹೊಸ ಲೋಹವನ್ನು ಕಂಡುಹಿಡಿದಾಗ ತಾಮ್ರ ಹೋಗಿ ಪಿಶಾಚಿ ಉಳಿಯಿತು: ನಿಕಲ್.

ನನ್ನ ಮನಸ್ಸಿಗೆ ಎಲ್ಲಕ್ಕಿಂತ ಹತ್ತಿರವಾದದ್ದು ‘ಟೌಬ್’. ಅದಿರಿಲ್ಲದ ಬಂಡೆಗೆ ಗಣಿಗಾರರು ಬಳಸುವ ಮಾತು. ನೇರ ಅರ್ಥ ಕಿವುಡು. ತಿರುಳಿಲ್ಲದ ಕಾಯಿಯನ್ನೂ ಜರ್ಮನರು ಹಾಗೆಯೇ ಕರೆಯುತ್ತಾರೆಂದು ಮಾರ್ಗದರ್ಶಕರು ಹೇಳಿದಾಗ ರೋಮಾಂಚನವಾಯಿತು. ಕಾಳಿಲ್ಲದ್ದಕ್ಕೆ ಜೊಳ್ಳು ಎಂಬ ಮಾತು ನಮ್ಮಲ್ಲಿ ಇರುವಾಗ ನಾನೇಕೆ ಇಷ್ಟು ಕಾಲ ‘ಅನುಪಯುಕ್ತ ಶಿಲೆ’ ಎಂದು ಬರೆದೆ? ಜೊಳ್ಳುಕಲ್ಲು ಎಂದರೆ ಶಾಲೆಯ ಮಗುವಿಗೂ ತಿಳಿಯುತ್ತದೆ.

ಹಿಂತಿರುಗುವಾಗ ಪಕ್ಕದಲ್ಲೊಂದು ಕಿರಿದಾದ ಬಿಲ ಕಂಡಿತು. ಗೋಡೆಯ ತುಂಬ ಉಳಿಯ ಗೆರೆಗಳು, ಒಂದರ ಪಕ್ಕದಲ್ಲೊಂದು ಸಮನಾಗಿ. ಹಿಂದಿನವರು ಅಗೆದು ಬಿಟ್ಟುಹೋದ ಇಂಥ ಜಾಗಕ್ಕೆ ಗಣಿಗಾರರ ಮಾತಿನಲ್ಲಿ ‘ಆಲ್ಟರ್ ಮನ್’, ಅಂದರೆ ಮುದುಕ. ಅಗೆಯುತ್ತ ಹೋದವರು ಹೀಗೆ ಹಳೆಯ ಪೊಳ್ಳಿಗೆ ತಾಗಿದರೆ ಮುದುಕ ಸಿಕ್ಕ ಎನ್ನುತ್ತಾರಂತೆ. ನಾನು ಒಂದು ಗೆರೆಯ ಉದ್ದಕ್ಕೂ ಬೆರಳಾಡಿಸಿದೆ. ಅದು ಒದ್ದೆಯಾಗಿತ್ತು.