ಹಸಿರು ಮಾರ್ಗದ ಶನಿವಾರಗಳು

ಬೆಂಗಳೂರಿಗೆ ಬಂದು ನಾಲ್ಕು ವರ್ಷವಾಯಿತು. ಮೊದಲ ಎರಡು ವರ್ಷ ನನಗೆ ಗೊತ್ತಿದ್ದುದು ವಿಜಯನಗರದ ಪಿ.ಜಿ., ಕಚೇರಿ ಮತ್ತು ಅವೆರಡರ ನಡುವಿನ ದಾರಿ, ಇಷ್ಟೇ. ಎರಡು ದಿನ ರಜೆ ಸಿಕ್ಕಿತೆಂದರೆ ತಿಪಟೂರಿನ ರೈಲು ಹತ್ತಿಬಿಡುತ್ತಿದ್ದೆ. ಆ ಅಭ್ಯಾಸವನ್ನು ತಪ್ಪಿಸಿದವಳು ನನ್ನ ಕೋಣೆಯಲ್ಲೇ ಇರುವ ಶಿರಸಿ ಕಡೆಯ ಗೆಳತಿ. "ಪ್ರತಿ ವಾರ ಊರಿಗೆ ಓಡಿದ್ರೆ ಬೆಂಗಳೂರು ಯಾವಾಗ ಗೊತ್ತಾಗೋದು ಮಾರಾಯ್ತಿ, ಒಂದು ಶನಿವಾರ ನನ್ನ ಜೊತೆ ಬಾ" ಎಂದು ಅವಳು ಕರೆದ ದಿನದಿಂದ ನಮ್ಮ ತಿರುಗಾಟ ಶುರುವಾಯಿತು. ಅದರ ದಾರಿಯೂ ತಾನಾಗಿಯೇ ಗೊತ್ತಾಯಿತು: ಮೆಜೆಸ್ಟಿಕ್‌ನಲ್ಲಿ ಸಿನಿಮಾ, ಅಲ್ಲಿಂದ ಮೆಟ್ರೋದ ಹಸಿರು ಮಾರ್ಗ ಹಿಡಿದು ನ್ಯಾಷನಲ್ ಕಾಲೇಜಿನಲ್ಲಿ ಇಳಿದು ಗಾಂಧಿ ಬಜಾರಿನಲ್ಲಿ ತಿಂಡಿ, ಸಂಗೀತದ ಕಾಲವಾದರೆ ಒಂದು ನಿಲ್ದಾಣ ಹಿಂದಕ್ಕೆ ಬಂದು ಕೆ.ಆರ್. ಮಾರ್ಕೆಟ್ಟಿನ ಹತ್ತಿರ ಸಂಗೀತ ಕಛೇರಿ. ಈ ನೆಲದಡಿಯ ಮಾರ್ಗ ತೆರೆದದ್ದು 2017ರಲ್ಲಿ. ಅದಕ್ಕೆ ಮೊದಲು ಇಷ್ಟು ಜಾಗಗಳನ್ನು ಒಂದೇ ಮಧ್ಯಾಹ್ನದಲ್ಲಿ ಸುತ್ತಬೇಕಾದರೆ ಬಸ್ಸಿನಲ್ಲಿಯೇ ಹೊತ್ತು ಮುಳುಗುತ್ತಿತ್ತು ಎಂದು ಕಚೇರಿಯ ಹಿರಿಯರು ಹೇಳುತ್ತಾರೆ.

ಮೆಜೆಸ್ಟಿಕ್ ಎಂಬ ಹೆಸರೇ ಒಂದು ಚಿತ್ರಮಂದಿರದ್ದು. ಆ ಚಿತ್ರಮಂದಿರ ಈಗಿಲ್ಲ, ಹೆಸರು ಮಾತ್ರ ಇಡೀ ಪ್ರದೇಶಕ್ಕೆ ಅಂಟಿಕೊಂಡಿದೆ. 1968ರಲ್ಲಿ ಆರಂಭವಾಗಿ ದೊಡ್ಡ ಪರದೆಗೆ ಹೆಸರಾಗಿದ್ದ ಕಪಾಲಿಯೂ ಈಗಿಲ್ಲ. ಹೀಗೆ ಒಂದೊಂದಾಗಿ ಇಲ್ಲವಾದ ಮೇಲೂ ಕೆಂಪೇಗೌಡ ರಸ್ತೆಯಲ್ಲಿ ಉಳಿದುಕೊಂಡಿರುವ ಚಿತ್ರಮಂದಿರಗಳಲ್ಲಿಯೇ ಸಿನಿಮಾ ನೋಡಬೇಕೆಂಬುದು ನಮ್ಮಿಬ್ಬರ ಹಟ. ಮಾಲ್‌ಗಳಲ್ಲಿ ಒಂದು ಟಿಕೆಟ್ಟಿಗೂ ಪಾಪ್‌ಕಾರ್ನಿಗೂ ಕೊಡುವ ದುಡ್ಡಿನಲ್ಲಿ ನಮ್ಮ ಇಡೀ ಶನಿವಾರ ಮುಗಿಯುತ್ತದೆ ಎಂಬ ಲೆಕ್ಕಾಚಾರ ಅದಕ್ಕೆ ಒಂದು ಕಾರಣ. ಆದರೆ ನನಗೆ ಮುಖ್ಯವಾದ ಕಾರಣ ಬೇರೆ. ಇಲ್ಲಿ ನೂರಾರು ಜನ ಒಂದೇ ಸೂರಿನಡಿ ಕುಳಿತಿರುತ್ತಾರೆ. ನಾಯಕ ಬಾಗಿಲು ತಳ್ಳಿಕೊಂಡು ಬರುವಾಗ ಕೆಳಗಿನ ಸಾಲುಗಳಲ್ಲಿ ಎದ್ದ ಶಿಳ್ಳೆ ಬಾಲ್ಕನಿಯವರೆಗೂ ಏರಿ ಬರುತ್ತದೆ. ಹಾಸ್ಯದ ಮಾತೊಂದು ಬಂದರೆ ನಗೆ ಮುಂದಿನ ಸಾಲಿನಲ್ಲಿ ಹುಟ್ಟಿ ಹಿಂದಕ್ಕೆ ಹರಿಯುತ್ತದೆ, ಮುಂದಿನ ಎರಡು ಮಾತುಗಳು ಅದರಲ್ಲಿ ಕೊಚ್ಚಿಹೋಗುತ್ತವೆ. ಒಮ್ಮೆ ನಮ್ಮ ಪಕ್ಕದಲ್ಲಿ ಕುಳಿತಿದ್ದ ಹೂವಿನ ವ್ಯಾಪಾರದ ಹೆಂಗಸರಿಬ್ಬರು ಇಂಟರ್‌ವೆಲ್‌ನಲ್ಲಿ ಡಬ್ಬಿ ತೆಗೆದು ನಮ್ಮ ಕೈಗೂ ಎರಡೆರಡು ಚಕ್ಕುಲಿ ಹಾಕಿದರು, ನಾಯಕಿಯ ತಾಯಿ ಮಾಡಿದ್ದು ಸರಿಯೋ ತಪ್ಪೋ ಎಂದು ನಮ್ಮನ್ನೇ ಕೇಳಿದರು. ಆ ಸಿನಿಮಾದ ಕಥೆ ನನಗೆ ಅಷ್ಟಾಗಿ ನೆನಪಿಲ್ಲ, ಆ ಚರ್ಚೆ ಚೆನ್ನಾಗಿ ನೆನಪಿದೆ.

ಸಿನಿಮಾ ಬಿಟ್ಟ ಮೇಲೆ ಹಸಿವು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಸುತ್ತಲಿನ ಶಾಲಾ ಕಾಲೇಜುಗಳ ಹುಡುಗರಿಗಾಗಿ ಆರಂಭವಾದದ್ದೆಂಬುದು ಹೆಸರಿನಲ್ಲೇ ಇದೆ. ಒಳಗೆ ಜಾಗ ಚಿಕ್ಕದು, ಹೊರಗೆ ಕಾಯುವವರು ಬಹಳ. ಜಾಗ ಸಿಕ್ಕಿದರೂ ಮೇಜು ನಮ್ಮದೇ ಎನ್ನುವ ಹಾಗಿಲ್ಲ, ಎದುರಿಗೆ ಅಪರಿಚಿತರೊಬ್ಬರು ಬಂದು ಕುಳಿತೇ ಕುಳಿತುಕೊಳ್ಳುತ್ತಾರೆ. ಪಂಚೆಯುಟ್ಟ ಬಡಿಸುವವರು ಎಡಗೈಯ ಮೇಲೆ ಭುಜದವರೆಗೂ ತಟ್ಟೆಗಳನ್ನು ಪೇರಿಸಿಕೊಂಡು, ಜನರ ನಡುವೆ ಒಂದಿಷ್ಟೂ ಓಲಾಡದೆ ಬರುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ. ಬಲಗೈಯಿಂದ ಒಂದೊಂದೇ ತಟ್ಟೆ ಇಳಿಸುತ್ತ ಹೋಗುವಾಗ ಯಾರಿಗೆ ಮಸಾಲೆ, ಯಾರಿಗೆ ಸಾದಾ ಎಂಬುದು ಅವರಿಗೆ ಚೀಟಿಯಿಲ್ಲದೆ ನೆನಪಿರುತ್ತದೆ. ದೋಸೆ ದಪ್ಪ, ಅಂಚು ಗರಿಗರಿ, ಮೇಲೆ ತುಪ್ಪದಲ್ಲಿ ಕೆಂಪಗೆ ಬೆಂದ ಬಣ್ಣ, ಒಳಗೆ ಹತ್ತಿಯಂತೆ ಮೃದು. ಸಾಂಬಾರಿನ ಮಾತೇ ಇಲ್ಲ. ತೆಳ್ಳಗಿನ ಚಟ್ನಿಯನ್ನು ಸುರಿದುಕೊಂಡು, ದೋಸೆ ಮೆತ್ತಗಾಗುವ ಮುಂಚೆ ತಿಂದು ಮುಗಿಸಬೇಕು. ನನ್ನ ಗೆಳತಿಗೆ ಅವಳ ಊರಿನ ತೆಳುವಾದ ದೋಸೆ ತೆಳ್ಳೇವಿನ ಮುಂದೆ ಇದೇನೂ ಅಲ್ಲವಂತೆ. ಈ ವಿಷಯದಲ್ಲಿ ನಾನು ಅವಳನ್ನು ಒಪ್ಪುವುದಿಲ್ಲ.

ದೋಸೆಯ ಮೇಲೆ ಬೈಟು ಕಾಫಿ. ಒಂದು ಕಾಫಿಯನ್ನು ಎರಡು ಲೋಟದಲ್ಲಿ ಕೇಳುವುದಕ್ಕೆ ಯಾವ ಹೋಟೆಲಿನಲ್ಲಿಯೂ ಯಾರೂ ಮುಖ ಸಿಂಡರಿಸದ ಊರು ಇದು. ನಮ್ಮ ಮನೆಯಲ್ಲಿ ನೆಂಟರಿಗೆ ಅರ್ಧ ಲೋಟ ಕೊಡುವುದೆಂದರೆ ಅವಮಾನ; ಇಲ್ಲಿ ಅರ್ಧ ಲೋಟ ಕುಡಿಯುವುದೇ ಸ್ನೇಹದ ಪದ್ಧತಿ. ಗೆಳತಿಯ ಲೋಟಕ್ಕೆ ನೊರೆ ಹೆಚ್ಚು ಬಂದರೆ ನನ್ನದಕ್ಕೆ ಡಿಕಾಕ್ಷನ್ ಹೆಚ್ಚು ಬಂದಿರುತ್ತದೆ ಎಂದು ಸಮಾಧಾನ ಮಾಡಿಕೊಳ್ಳುತ್ತೇವೆ. ಚಳಿಗಾಲವಾದರೆ ಕಾಫಿ ಮುಗಿಸಿ ಬಜಾರಿನ ಉದ್ದಕ್ಕೂ ಒಂದು ಸುತ್ತು ಬಂದು, ರಾಶಿ ಹಾಕಿದ ಅವರೆಕಾಯಿಯನ್ನು ಮೂಸಿ ನೋಡಿ, ಸೊಗಡಿದ್ದರೆ ಒಂದು ಕಿಲೋ ಹಿಡಿಸಿಕೊಳ್ಳುತ್ತೇವೆ.

ಇಷ್ಟರಲ್ಲಿ ನನಗೆ ಅತ್ಯಂತ ಹೊಸದಾಗಿದ್ದುದು ಸಂಗೀತ. ಸಿನಿಮಾ ಹಾಡು, ಭಾವಗೀತೆ ಬಿಟ್ಟು ನಾನು ಬೇರೇನನ್ನೂ ಕೂತು ಕೇಳಿದವಳಲ್ಲ. ಯುಗಾದಿ ಕಳೆದು ರಾಮನವಮಿ ಬಂತೆಂದರೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಆವರಣದಲ್ಲಿ ಚಪ್ಪರ ಏಳುತ್ತದೆ; 1939ರಲ್ಲಿ ಆರಂಭವಾದ ಶ್ರೀ ರಾಮಸೇವಾ ಮಂಡಳಿಯ ಸಂಗೀತೋತ್ಸವ ವಾರಗಟ್ಟಲೆ ನಡೆಯುತ್ತದೆ. ಎಂ.ಎಸ್. ಸುಬ್ಬುಲಕ್ಷ್ಮಿಯವರು ಹಾಡಿದ ವೇದಿಕೆ ಅದು. ಕಳೆದ ವರ್ಷ ಮೊದಲ ಸಲ ಹೋದಾಗ ಹಿಂದಿನ ಸಾಲಿನಲ್ಲಿ ಕುಳಿತೆವು. ಹೊರಗೆ ಬಸ್ಸುಗಳ ಹಾರ್ನು, ಒಳಗೆ ತಂಬೂರಿಯ ಶ್ರುತಿ. ಮೊದಲ ಅರ್ಧ ಗಂಟೆ ನನಗೆ ಏನೂ ಹಿಡಿತಕ್ಕೆ ಸಿಗಲಿಲ್ಲ, ಎಲ್ಲರೂ ತೊಡೆಯ ಮೇಲೆ ತಾಳ ಹಾಕುತ್ತಿದ್ದಾಗ ನನ್ನ ಕೈ ಮಾತ್ರ ಸುಮ್ಮನೆ ಬಿದ್ದಿತ್ತು.

ಪಕ್ಕದಲ್ಲಿ ಎಪ್ಪತ್ತು ದಾಟಿದ ಅಜ್ಜಿಯೊಬ್ಬರಿದ್ದರು. ನಾನು ಅವರ ಕೈಯನ್ನೇ ನೋಡುತ್ತಿರುವುದು ತಿಳಿದು, "ಇಲ್ನೋಡು ಪುಟ್ಟಾ" ಎಂದು ನನ್ನ ಅಂಗೈ ತಮ್ಮ ಕಡೆಗೆ ಎಳೆದುಕೊಂಡರು. ಒಂದು ಏಟು, ಆಮೇಲೆ ಕಿರುಬೆರಳಿನಿಂದ ಮೂರು ಬೆರಳೆಣಿಕೆ, ಅಲ್ಲಿಗೆ ನಾಲ್ಕಾಯಿತು. ಮತ್ತೆ ಏಟು ಹಾಕಿ ಕೈ ತಿರುಗಿಸುವುದು, ಇನ್ನೊಮ್ಮೆ ಏಟು ಹಾಕಿ ತಿರುಗಿಸುವುದು, ಒಟ್ಟು ಎಂಟು. ಆದಿತಾಳ ಅಂದರೆ ಇಷ್ಟೇ ಎಂದರು. ನಾಲ್ಕು ಆವರ್ತ ಅವರ ಕೈ ನೋಡಿಕೊಂಡು ಹಾಕಿದೆ, ಐದನೆಯದರಲ್ಲಿ ತಪ್ಪಿತು, ಅವರು ನನ್ನ ಮೊಣಕೈ ಮುಟ್ಟಿ ಸರಿಪಡಿಸಿದರು. ಹಾಡು ನಿಂತು, ತಾಳವಾದ್ಯಗಳಷ್ಟೇ ನುಡಿಯುವ ತನಿ ಆವರ್ತನ ಶುರುವಾಗಿ ಮೃದಂಗ, ಘಟ ಎರಡೂ ಲೆಕ್ಕಕ್ಕೆ ಸಿಗದಂತೆ ಓಡತೊಡಗಿದಾಗ ನಾನು ಹೆದರಿ ಕೈ ನಿಲ್ಲಿಸಿದೆ. "ನಿಲ್ಲಿಸಬೇಡ, ಅವರು ಎಲ್ಲಿಗೆ ಹೋದ್ರೂ ಬರೋದು ಇಲ್ಲಿಗೇ" ಎಂದರು ಅಜ್ಜಿ. ಕೊನೆಯ ಮುಕ್ತಾಯ ಬಾರಿಸಿ ಹಾಡು ಮತ್ತೆ ಎತ್ತಿಕೊಂಡ ಗಳಿಗೆಗೆ ಸರಿಯಾಗಿ ನನ್ನ ಕೈಯೂ ತಾಳದಲ್ಲೇ ಇತ್ತು. ಮೈ ಜುಮ್ಮೆಂದಿತು. ಅಂದಿನ ರಾಗ ಕಲ್ಯಾಣಿ ಎಂದು ಅವರೇ ಹೇಳಿದರು. ಈಗ ನನ್ನ ಫೋನಿನಲ್ಲಿ ಕಲ್ಯಾಣಿಯದೇ ಒಂದು ಪಟ್ಟಿಯಿದೆ. ಕಚೇರಿಗೆ ಹೋಗುವಾಗ ಸಿನಿಮಾ ಹಾಡುಗಳ ನಡುವೆ ಅದನ್ನೂ ಕೇಳುತ್ತೇನೆ.

ಈ ವರ್ಷವೂ ಹೋಗಿದ್ದೆವು. ಅಜ್ಜಿ ಕಾಣಲಿಲ್ಲ, ದಿನ ಬೇರೆ ಇದ್ದೀತು, ಸಾಲು ಬೇರೆ ಇದ್ದೀತು. ದೇವರನಾಮ ಮುಗಿದು ಮಂಗಳ ಹಾಡುವವರೆಗೂ ಕುಳಿತಿದ್ದು, ಪಿ.ಜಿ.ಯ ಗೇಟು ಹಾಕುವ ಹೊತ್ತಾಗುತ್ತದೆಂದು ಮಾರ್ಕೆಟ್ಟಿನ ಕಡೆಗೆ ಬಿರಬಿರನೆ ನಡೆದೆವು. ನಿಲ್ದಾಣದ ಬಾಗಿಲ ಬಳಿ ಬುಟ್ಟಿಯಲ್ಲಿ ಉಳಿದ ಮಲ್ಲಿಗೆ ಇಟ್ಟುಕೊಂಡು ಕುಳಿತಿದ್ದ ಹೆಂಗಸಿನ ಹತ್ತಿರ ಒಂದು ಮೊಳ ಕೇಳಿದೆವು. ಅವರು ಮೊಣಕೈಯಿಂದ ಬೆರಳ ತುದಿಗೆ ಅಳೆದು, ನಮ್ಮಿಬ್ಬರ ಮುಖ ನೋಡಿ, ಇನ್ನೊಂದು ಗೇಣು ಸೇರಿಸಿ, ನಾವು ಹೇಳುವ ಮೊದಲೇ ನಡುವೆ ದಾರ ಕಡಿದು ಎರಡು ಮಾಡಿ ಕೊಟ್ಟರು.