ಎಸಿ ತರುವ ಮೊದಲು ವೈರ್ ನೋಡಿ

ಏಪ್ರಿಲ್ ಬಂದರೆ ಬೆಂಗಳೂರಲ್ಲೂ ಈಗ ಎಸಿ ಬೇಕು ಅನ್ನಿಸುತ್ತದೆ. ಆದರೆ ಜಯನಗರ, ಮಲ್ಲೇಶ್ವರದ ಹಳೇ ಮನೆಗಳಿಗೆ ವೈರಿಂಗ್ ಮಾಡಿದಾಗ ಎಸಿ ಯಾರ ತಲೆಯಲ್ಲಿತ್ತು?

ಒಂದೂವರೆ ಟನ್ ಎಸಿ 230 ವೋಲ್ಟ್‌ನಲ್ಲಿ ಸುಮಾರು 7-8 ಆಂಪಿಯರ್ ಎಳೆಯುತ್ತದೆ. ಅದನ್ನು ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಸಿಕ್ಕಿಸುವುದು ಶುದ್ಧ ಹುಚ್ಚು. ಡಿಬಿಯಿಂದ (ಮನೆಯ ಲೈನ್‌ಗಳೆಲ್ಲ ಹಂಚಿಕೆಯಾಗುವ ಮುಖ್ಯ ಬಾಕ್ಸ್) ಎಸಿಗೆ ಅಂತಲೇ ಬೇರೆ ಲೈನ್ ಬರಬೇಕು, 2.5 ಚದರ ಮಿಮೀ ತಾಮ್ರದ ವೈರ್, ದೂರ ಜಾಸ್ತಿ ಇದ್ದರೆ 4, ಜೊತೆಗೆ ಸಿ ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್; ಸಿ ಕರ್ವ್ ಅಂದರೆ ಕ್ಷಣದ ಜೋರು ಕರೆಂಟನ್ನು ತಡೆದುಕೊಳ್ಳುವ ಬಗೆ), ಯಾಕೆಂದರೆ ಮಾಮೂಲಿ (ಇನ್ವರ್ಟರ್ ಅಲ್ಲದ) ಎಸಿಯ ಕಂಪ್ರೆಸರ್ ಶುರುವಾಗುವಾಗ ಒಂದು ಕ್ಷಣ ಕರೆಂಟ್ ಜೋರಾಗಿ ಎಳೆಯುತ್ತದೆ, ಬಿ ಕರ್ವ್ ಆದರೆ ಸುಮ್ಸುಮ್ನೆ ಟ್ರಿಪ್ ಆಗಬಹುದು.

"ಟ್ರಿಪ್ ಆಗ್ತಿದೆ ಸಾರ್, ದೊಡ್ಡ ಎಂಸಿಬಿ ಹಾಕ್ಬಿಡ್ತೀನಿ" ಅನ್ನುವ ಎಲೆಕ್ಟ್ರಿಷಿಯನ್‌ಗೆ ಕಾಫಿ ಕೊಟ್ಟು ಕಳಿಸಿ. ಎಂಸಿಬಿ ಕಾಯುವುದು ವೈರನ್ನು. 1.5 ಚದರ ಮಿಮೀ ವೈರಿಗೆ 32 ಆಂಪಿಯರ್‌ದು ಹಾಕಿದರೆ ವೈರ್ ಕಾದು ಕರಗಿದರೂ ಎಂಸಿಬಿ ಟ್ರಿಪ್ ಆಗದೇ ಇರಬಹುದು.

ಅರ್ಥಿಂಗ್ ನಿಜವಾಗಿ ಇದೆಯಾ ಅಂತ ಅಳೆಸಿ, ಸಾಕೆಟ್ಟಿನಲ್ಲಿ ಮೂರನೇ ತೂತು ಇದ್ದ ಮಾತ್ರಕ್ಕೆ ಸಾಲದು, ಅಲ್ವಾ? ಶಾಕ್ ತಪ್ಪಿಸಲು 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್) ಇರಲಿ. ನಿಯಮ ಕೇಳುವವರಿಗೆ: ನಮ್ಮ ದೇಶದ ವೈರಿಂಗ್ ಮಾನಕ ಐಎಸ್ 732.

ಬೆಸ್ಕಾಂ ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಅಂತಲೂ ನೋಡಿಕೊಳ್ಳಿ. ಕಡಿಮೆ ಇದ್ದರೆ ಮೊದಲು ಅದನ್ನು ಹೆಚ್ಚಿಸಲು ಅರ್ಜಿ ಹಾಕಿ.